ಅಂಕೆ ಕೊಟ್ಟು ಹೆಸರು ಕೇಳಿದರೆ

ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ನಿಮಗೆಲ್ಲ ಗೊತ್ತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆ ಅದು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದರ ಉಲ್ಟಾ ಕೆಲಸ: ಅಂಕೆ ಕೊಟ್ಟು ಹೆಸರು ಕೇಳುವುದು.

ಕಾಗದದ ಮೇಲೆ ವಿಳಾಸ ಬರೆಯುವಾಗ ಮನೆ, ಬೀದಿ, ಊರು, ಜಿಲ್ಲೆ ಅಂತ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವಲ್ಲ, ಡೊಮೈನ್ ಹೆಸರೂ ಹಾಗೇ. ಐಪಿ ಅಂಕೆ ಮಾತ್ರ ದೊಡ್ಡದರಿಂದ ಚಿಕ್ಕದಕ್ಕೆ. ಹಾಗಾಗಿ 192.0.2.10ರ ಹೆಸರು ಬೇಕಾದರೆ ಅದನ್ನು ತಿರುಗಿಸಿ, 10.2.0.192.ಇನ್-ಆ್ಯಡರ್.ಆರ್ಪಾ ಅಂತ ಮಾಡಿ, ಅದರ ಪಿಟಿಆರ್ ದಾಖಲೆ ಕೇಳಬೇಕು. ಕೊನೆಯ 'ಆರ್ಪಾ' ಇಂಟರ್ನೆಟ್ಟಿನ ಹಿರೀಕ ಆರ್ಪಾನೆಟ್‌ನ ಗುರುತು. ಆ ಜಾಲ 1990ರಲ್ಲೇ ಮುಚ್ಚಿತು, ಹೆಸರು ಉಳಿಯಿತು!

ಎಡವಟ್ಟು ಇರುವುದು ಬೇರೆ ಕಡೆ. ಹೆಸರಿನ ಲೆಕ್ಕ ಹೆಸರಿನ ಒಡೆಯನ ಕೈಲಿ, ಅಂಕೆಯ ಲೆಕ್ಕ ಅಂಕೆಯ ಒಡೆಯನ ಕೈಲಿ. ಎರಡೂ ತಾಳೆಯಾಗುವಂತೆ ನೋಡಿಕೊಳ್ಳುವವರು ಯಾರೂ ಇಲ್ಲ. ಬರ್ಕ್ಲಿ ಯುನಿಕ್ಸ್‌ನ ಆರ್‌ಲಾಗಿನ್, ನಂಬಿಕಸ್ಥ ಯಂತ್ರಗಳ ಹೆಸರಿನ ಪಟ್ಟಿ ನೋಡಿ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತಿತ್ತು. ಕಳ್ಳ ತನ್ನ ಅಂಕೆಯ ಮುಂದೆ ಅಂಥದೊಂದು ಹೆಸರು ಬರೆದುಕೊಂಡರೆ ಮುಗೀತು! ಬೆಲ್ ಲ್ಯಾಬ್ಸ್‌ನ ಸ್ಟೀವನ್ ಬೆಲೋವಿನ್ 1990ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದರು. ಆದರೆ ಅದು ಪ್ರಕಟವಾಗಿದ್ದು 1995ರಲ್ಲಿ. ಅಲ್ಲಿಯವರೆಗೆ ಅವರೇ ಅದನ್ನು ತಡೆದಿಟ್ಟಿದ್ದರು.

ಇವತ್ತು ಅನೇಕ ಮೇಲ್ ಸರ್ವರ್‌ಗಳು, ಬಂದ ಹೆಸರನ್ನು ಮತ್ತೆ ನೇರವಾಗಿ ಹುಡುಕಿ ಅದೇ ಅಂಕೆ ಸಿಗುತ್ತದಾ ಅಂತ ನೋಡುತ್ತವೆ. ಒಳ್ಳೆಯದೇ. ಆದರೂ ನನ್ನ ಪ್ರಕಾರ ಪಿಟಿಆರ್ ಅನ್ನೋದು ಸಾಕ್ಷಿಯಲ್ಲ, ಅಂಕೆಯ ಒಡೆಯ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು. ಲಾಗ್‌ನಲ್ಲಿ ಹೆಸರಿನ ಜೊತೆ ಅಂಕೆಯನ್ನೂ ಬರೆದಿಡಿ.