ದೀರ್ಘಶ್ವಾಸ ಮತ್ತು ಶ್ವಾಸನಾಳ ಸ್ನಾಯುಬಿಗಿ

ಆಳವಾಗಿ ಉಸಿರೆಳೆದಾಗ ಶ್ವಾಸನಾಳದ ಗೋಡೆಯ ನಯಸ್ನಾಯು ಹಿಗ್ಗಿ, ಅದರ ಬಿಗಿ ಕೆಲಕಾಲ ಇಳಿಯುತ್ತದೆ. ಆರೋಗ್ಯವಂತರಲ್ಲೂ ಈ ಸ್ನಾಯು ಪೂರ್ತಿ ಸಡಿಲವಾಗಿರುವುದಿಲ್ಲ. ವೇಗಸ್ ನರದ ತುದಿಗಳು ಸ್ರವಿಸುವ ಅಸಿಟೈಲ್‌ಕೋಲಿನ್ ಅದನ್ನು ತುಸು ಬಿಗಿಯಾಗಿಯೇ ಇಟ್ಟಿರುತ್ತದೆ. ಶ್ವಾಸಕೋಶ ಉಬ್ಬಿದಾಗ ಸುತ್ತಲಿನ ಅಂಗಾಂಶ ನಾಳವನ್ನು ಹೊರಕ್ಕೆ ಜಗ್ಗುತ್ತದೆ. ಆಗ ಸ್ನಾಯುವಿನೊಳಗಿನ ಆಕ್ಟಿನ್–ಮಯೋಸಿನ್ ಕೊಂಡಿಗಳು ಕಳಚುತ್ತವೆ. ಮತ್ತೆ ಕೂಡಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಔಷಧದಿಂದ ಕಿರಿದಾಗಿಸಿದ ನಾಳಗಳ ತಡೆ ಒಂದೇ ದೀರ್ಘಶ್ವಾಸದಿಂದ ತಗ್ಗುವುದನ್ನು ಸಂಶೋಧಕರಾದ ನೇಡೆಲ್ ಮತ್ತು ಟಿಯರ್ನಿ 1961ರಲ್ಲಿ ವರದಿ ಮಾಡಿದರು. ಇನ್ನೂ ಕುತೂಹಲದ್ದು 1995ರ ಪ್ರಯೋಗ: ಸ್ಕ್ಲೂಟ್ ಮತ್ತು ಸಂಗಡಿಗರು ಆರೋಗ್ಯವಂತರಿಗೆ ದೀರ್ಘಶ್ವಾಸ ತೆಗೆದುಕೊಳ್ಳದಂತೆ ಹೇಳಿ, ನಾಳ ಬಿಗಿಸುವ ಔಷಧ ಮೆಥಕೋಲಿನ್ ಕೊಟ್ಟಾಗ, ಅವರ ನಾಳಗಳೂ ಅಸ್ತಮಾ ರೋಗಿಗಳ ನಾಳಗಳಂತೆ ಬಿಗಿದವು. ನಮಗರಿವಿಲ್ಲದೆ ಬಿಡುವ ನಿಟ್ಟುಸಿರುಗಳೂ ಹಾಗಾದರೆ ದಂಡವಲ್ಲ. ಅಸ್ತಮಾದಲ್ಲಿ ದೀರ್ಘಶ್ವಾಸದ ಈ ರಕ್ಷಣೆ ಕುಂದುತ್ತದೆ. ಪರಿಣಾಮ ಅಲ್ಪಕಾಲದ್ದು, ಪ್ರಾಣಾಯಾಮದ ಫಲಕ್ಕೆ ಇದನ್ನೇ ಸಾಕ್ಷಿಯಾಗಿ ಹಿಡಿಯುವುದು ಅವಸರ.

ಶ್ವಾಸನಾಳದ ಬಿಗಿ ಅಳೆಯುವ ಪರೀಕ್ಷೆಯಲ್ಲೂ ಇದರಿಂದ ಒಂದು ತೊಡಕಿದೆ. ಊದಿದ ಉಸಿರನ್ನು ಅಳೆಯುವ ಸ್ಪೈರೋಮೆಟ್ರಿ ಎಲ್ಲಿ ನಡೆದರೂ ತುಂಬು ಉಸಿರೆಳೆದೇ ಊದಬೇಕು. ಅಳೆಯಬೇಕಾದ ಬಿಗಿ ಆ ಉಸಿರಿನಲ್ಲೇ ಕೊಂಚ ಸಡಿಲಗೊಂಡಿರುತ್ತದೆ.