ಕಟ್ಟಿಸಿದವರು ಮತ್ತು ಕಟ್ಟಿದವರು

ಕನ್ನಡದಲ್ಲಿ ‘ಕಟ್ಟು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿದರೆ ‘ಕಟ್ಟಿಸು’ ಎಂಬ ಪ್ರೇರಣಾರ್ಥಕ ರೂಪ ದೊರೆಯುತ್ತದೆ. ನಮ್ಮ ಇತಿಹಾಸದ ಪಠ್ಯಪುಸ್ತಕಗಳಿಗೆ ಈ ಎರಡನೆಯ ರೂಪವೇ ಹೆಚ್ಚು ಪ್ರಿಯ. ಬೇಲೂರಿನ ದೇವಾಲಯವನ್ನು ವಿಷ್ಣುವರ್ಧನನು ಕಟ್ಟಿಸಿದನು, ಗೋಳಗುಮ್ಮಟವನ್ನು ಮಹಮ್ಮದ್ ಆದಿಲ್ ಷಾ ಕಟ್ಟಿಸಿದನು ಎಂದು ನಾನೂ ತರಗತಿಯಲ್ಲಿ ದಶಕಗಳ ಕಾಲ ಪಾಠ ಹೇಳಿದವನೇ. ಹಾಗಾದರೆ ಕಟ್ಟಿದವರು ಯಾರು? ಬೇಲೂರಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವಿದೆ. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನೂ ಬಿರುದುಗಳನ್ನೂ ಕೆತ್ತಿಟ್ಟಿದ್ದಾರೆ. ಹೊಯ್ಸಳರ ಕಾಲದ ಈ ಔದಾರ್ಯ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವ ಮಾತಲ್ಲ.

ನಮ್ಮ ಕಾಲದ್ದೇ ಒಂದು ಉದಾಹರಣೆಯನ್ನು ನೋಡೋಣ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಬಿದಿರಿನ ಛಾವಣಿ, ಮೇಲಿನಿಂದ ಇಳಿಬಿದ್ದ ಬಳ್ಳಿಗಳು, ನಡುವೆ ಹರಿಯುವ ನೀರು ಇವನ್ನೆಲ್ಲ ನೀವು ಕಂಡಿರುತ್ತೀರಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಅದರ ಮೂಲಕವೇ ಊರಿಗೆ ಬರುವವರು. ಇದನ್ನು ವಿನ್ಯಾಸಗೊಳಿಸಿದ್ದು ಅಮೆರಿಕದ ‘ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್’ ಎಂಬ ವಾಸ್ತುಶಿಲ್ಪ ಸಂಸ್ಥೆ. ಜನ ಇದನ್ನು ಚಿಕ್ಕದಾಗಿ ಎಸ್.ಓ.ಎಂ. ಎನ್ನುತ್ತಾರೆ. ಮುಂಬಯಿ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್, ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕೂಡ ಇದೇ ಸಂಸ್ಥೆಯ ಕೃತಿಗಳು. ಆದರೆ ಒಂದು ಸಂಸ್ಥೆಯ ಹೆಸರಿನ ಹಿಂದೆ ಎಷ್ಟು ಮನುಷ್ಯರು ಅಡಗಿರುತ್ತಾರೆ ಎಂಬುದು ಅದರ ಇತಿಹಾಸವನ್ನು ಓದಿದಾಗಲೇ ತಿಳಿಯುತ್ತದೆ.

ಲೂಯಿಸ್ ಸ್ಕಿಡ್‌ಮೋರ್ ಮತ್ತು ನಥಾನಿಯಲ್ ಓವಿಂಗ್ಸ್ ಸಂಬಂಧದಲ್ಲಿ ಭಾವ-ಭಾವಮೈದುನರು. 1933ರ ಷಿಕಾಗೋ ವಿಶ್ವ ಪ್ರದರ್ಶನದ ಕೆಲಸದಲ್ಲಿ ಜೊತೆಗಿದ್ದ ಇವರು 1936ರಲ್ಲಿ ಅದೇ ನಗರದಲ್ಲಿ ಕಚೇರಿ ತೆರೆದರು. 1939ರಲ್ಲಿ ಇಂಜಿನಿಯರ್ ಜಾನ್ ಮೆರಿಲ್ ಸೇರಿಕೊಂಡರು. ವಾಸ್ತುಶಿಲ್ಪಿ, ಇಂಜಿನಿಯರು, ಯೋಜಕರು ಒಂದೇ ಸೂರಿನಡಿ ಕುಳಿತು ದುಡಿಯಬೇಕು, ಕಟ್ಟಡವು ಸಂಸ್ಥೆಯ ಹೆಸರಿನಲ್ಲಿಯೇ ಹೊರಬರಬೇಕು ಎಂಬುದು ಇವರ ಪದ್ಧತಿ. ನಮ್ಮ ಅವಿಭಕ್ತ ಕುಟುಂಬದ ವ್ಯವಸ್ಥೆಯನ್ನು ಇದು ನೆನಪಿಗೆ ತರುತ್ತದೆ. ದುಡಿಮೆ ಎಲ್ಲರದು, ಹೆಸರು ಮನೆತನದ್ದು. ಅಂಥ ಕುಟುಂಬಗಳಲ್ಲಿ ಬೆಳೆದ ನಮಗೆ ಅದರ ಗುಣವೂ ಗೊತ್ತು, ದೋಷವೂ ಗೊತ್ತು.

ಗುಣಕ್ಕೆ ಸಾಕ್ಷಿ ನ್ಯೂಯಾರ್ಕಿನ ಲೀವರ್ ಹೌಸ್. ಇಟ್ಟಿಗೆ ಕಲ್ಲುಗಳ ಭಾರವಾದ ಕಟ್ಟಡಗಳ ನಡುವೆ, 1952ರಲ್ಲಿ, ಗಾಜನ್ನೇ ಹೊದ್ದು ನಿಂತ ಕಟ್ಟಡ ಇದು. ಇಂದು ನಮ್ಮ ಬೆಂಗಳೂರಿನ ಹೊರವಲಯದಲ್ಲಿ ಕಾಣುವ ಗಾಜಿನ ಕಚೇರಿಗಳೆಲ್ಲ ಒಂದರ್ಥದಲ್ಲಿ ಇದರ ವಂಶದವು. ಇದರ ಕೀರ್ತಿ ಸಂಸ್ಥೆಯ ಪಾಲುದಾರ ಗಾರ್ಡನ್ ಬನ್‌ಶಾಫ್ಟ್ ಅವರಿಗೆ ಸಂದಿತು. 1988ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಅವರಿಗೆ ದೊರೆಯಿತು. ಅವರು ಅದಕ್ಕೆ ಅರ್ಹರೇ. ಆದರೆ ಅದೇ ಕಟ್ಟಡಕ್ಕಾಗಿ ದುಡಿದ ನಟಾಲಿ ಡಿ ಬ್ಲಾ ಎಂಬ ಮಹಿಳೆಯ ಹೆಸರನ್ನು ಬಹುಕಾಲ ಯಾರೂ ಹೇಳಲಿಲ್ಲ.

1944ರಲ್ಲಿ ಸಂಸ್ಥೆಗೆ ಸೇರಿದ ಈಕೆ ಸುಮಾರು ಮೂವತ್ತು ವರ್ಷ ಅಲ್ಲಿ ದುಡಿದರು. ನಾಲ್ವರು ಮಕ್ಕಳ ತಾಯಿ. 1960ರಲ್ಲಿ ಪೂರ್ಣಗೊಂಡ ಪೆಪ್ಸಿ-ಕೋಲಾ ಕಟ್ಟಡ, 52 ಅಂತಸ್ತುಗಳ ಯೂನಿಯನ್ ಕಾರ್ಬೈಡ್ ಕಟ್ಟಡ ಇವುಗಳ ವಿನ್ಯಾಸದಲ್ಲಿ ಆಕೆಯದು ಪ್ರಮುಖ ಪಾತ್ರ. ಆದರೂ ಆಕೆ ಸಂಸ್ಥೆಯ ಪೂರ್ಣ ಪಾಲುದಾರರಾಗಲೇ ಇಲ್ಲ. ಸಂಸ್ಥಾಪಕ ಓವಿಂಗ್ಸ್ 1973ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ, ಗಂಡಸರ ಹೆಸರಿನಲ್ಲಿ ಮೆರೆದ ಎಷ್ಟೋ ಉತ್ತಮ ವಿನ್ಯಾಸಗಳು ವಾಸ್ತವವಾಗಿ ಈಕೆಗೆ ಋಣಿಯಾಗಿದ್ದವು ಎಂಬುದನ್ನು ಒಪ್ಪಿಕೊಂಡಿದ್ದಾರೆ. ಮನೆಯ ಹಿರಿಯನೇ ಒಪ್ಪಿಕೊಂಡದ್ದು ದೊಡ್ಡ ಮಾತು. ಆದರೆ ಕಟ್ಟಡಗಳು ತಲೆ ಎತ್ತುತ್ತಿದ್ದ ಕಾಲದಲ್ಲಿ ಆ ಮಾತು ಬರಲಿಲ್ಲವಲ್ಲ ಎಂಬುದು ನನ್ನ ಕೊರಗು.

ಇನ್ನೊಬ್ಬರ ಕಥೆ ನಮಗೆ ಇನ್ನೂ ಸಮೀಪದ್ದು. ಫಜ್ಲುರ್ ರಹಮಾನ್ ಖಾನ್ ಜನಿಸಿದ್ದು 1929ರಲ್ಲಿ, ಅವಿಭಜಿತ ಭಾರತದ ಢಾಕಾದಲ್ಲಿ. ಕೋಲ್ಕತ್ತದ ಬಳಿಯ ಶಿಬಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಢಾಕಾದಲ್ಲಿ ಪದವಿ ಪೂರೈಸಿ, 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಡಾಕ್ಟರೇಟನ್ನೂ ಗಳಿಸಿ, 1955ರಲ್ಲಿ ಎಸ್.ಓ.ಎಂ. ಸಂಸ್ಥೆಯನ್ನು ಸೇರಿದರು.

ಖಾನರು ಬಿಡಿಸಿದ ಸಮಸ್ಯೆ ಯಾವುದೆಂದು ಸರಳವಾಗಿ ವಿವರಿಸುತ್ತೇನೆ. ಕಟ್ಟಡ ಎತ್ತರವಾದಂತೆ ಅದರ ತೂಕಕ್ಕಿಂತಲೂ ಗಾಳಿಯೇ ದೊಡ್ಡ ಶತ್ರುವಾಗುತ್ತದೆ. ನೆಲದಲ್ಲಿ ನೆಟ್ಟ ಕೋಲಿನ ತುದಿಯನ್ನು ತಳ್ಳಿದರೆ ಅದು ಬಾಗುವಂತೆ, ಗಾಳಿ ಕಟ್ಟಡವನ್ನು ಬಾಗಿಸಲು ಹವಣಿಸುತ್ತದೆ. ಹಿಂದಿನವರು ಒಳಗೆಲ್ಲ ಉಕ್ಕಿನ ಕಂಬಗಳನ್ನು ನೆಟ್ಟು ಇದನ್ನು ಎದುರಿಸುತ್ತಿದ್ದರು. ಖರ್ಚು ಮಿತಿಮೀರುತ್ತಿತ್ತು. ಖಾನರು ಕಂಬಗಳನ್ನು ಹೊರಗೋಡೆಗೆ ಸರಿಸಿ, ಒತ್ತೊತ್ತಾಗಿ ನಿಲ್ಲಿಸಿ, ಅಡ್ಡತೊಲೆಗಳಿಂದ ಬಿಗಿದು, ಇಡೀ ಕಟ್ಟಡವನ್ನೇ ಒಂದು ಟೊಳ್ಳು ಕೊಳವೆಯನ್ನಾಗಿಸಿದರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದಿರಿನ ಬಲವಿರುವುದು ಅದರ ಹೊರಗೋಡೆಯಲ್ಲಿ, ಒಳಗೆ ಪೊಳ್ಳು.

ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಅವರೊಡನೆ ಖಾನರು ರೂಪಿಸಿದ ಷಿಕಾಗೋದ 100 ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಸೆಂಟರ್‌ನಲ್ಲಿ ಈ ಕೊಳವೆಗೆ ಹೊರಗಿನಿಂದ ಬೃಹತ್ ಕತ್ತರಿಪಟ್ಟಿಗಳನ್ನು ಬಿಗಿದಿದ್ದಾರೆ. 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 206 ಕಿಲೋಗ್ರಾಂ ಉಕ್ಕು ಬೇಕಾಗಿತ್ತು. ಇದಕ್ಕೆ ಸುಮಾರು 145 ಕಿಲೋಗ್ರಾಂ ಸಾಕಾಯಿತು. ಅನಂತರದ ಸಿಯರ್ಸ್ ಟವರ್ ಒಂಬತ್ತು ಕೊಳವೆಗಳ ಕಟ್ಟು. ಕೈಯಲ್ಲಿ ಸಿಗರೇಟುಗಳನ್ನು ಗುಂಪಾಗಿ ಹಿಡಿದು, ಒಂದೊಂದನ್ನು ಒಂದೊಂದು ಎತ್ತರಕ್ಕೆ ಎಳೆದು ಗ್ರಹಾಂ ಈ ಕಲ್ಪನೆಯನ್ನು ತೋರಿಸಿದರೆಂಬ ಕಥೆ ಪ್ರಚಲಿತವಾಗಿದೆ. 110 ಅಂತಸ್ತುಗಳ, 442 ಮೀಟರ್ ಎತ್ತರದ ಈ ಕಟ್ಟಡ 1974ರಲ್ಲಿ ಪೂರ್ಣಗೊಂಡು, ಎರಡು ದಶಕಗಳಿಗೂ ಹೆಚ್ಚು ಕಾಲ ಜಗತ್ತಿನಲ್ಲಿಯೇ ಎತ್ತರದ್ದೆನಿಸಿತ್ತು. 2009ರಲ್ಲಿ ಅದು ವಿಲ್ಲಿಸ್ ಟವರ್ ಎಂದು ಹೆಸರು ಬದಲಿಸಿಕೊಂಡಿತು. ಹಣ ತೆತ್ತವರ ಹೆಸರಿಗೂ ಇಷ್ಟೇ ಆಯುಷ್ಯ!

ಖಾನರು ಉಕ್ಕಿನಲ್ಲಿಯೇ ಮುಳುಗಿದ್ದವರಲ್ಲ. 1971ರಲ್ಲಿ ತಾಯ್ನಾಡು ಸಂಕಟದಲ್ಲಿದ್ದಾಗ ಅಮೆರಿಕದಲ್ಲಿದ್ದುಕೊಂಡೇ ಬಾಂಗ್ಲಾದೇಶಕ್ಕಾಗಿ ನೆರವು ಸಂಗ್ರಹಿಸಿದರು, ಜನಾಭಿಪ್ರಾಯ ರೂಪಿಸಿದರು. ಜೆಡ್ಡಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್ಲಿನ ಗುಡಾರದಂಥ 210 ಬಿಳಿ ಛಾವಣಿಗಳ ರಚನೆಯಲ್ಲಿಯೂ ಅವರ ಬುದ್ಧಿಯಿದೆ. ಆ ಜೆಡ್ಡಾದಲ್ಲಿಯೇ 1982ರಲ್ಲಿ, ಇನ್ನೂ 53 ತುಂಬುವ ಮೊದಲೇ, ಅವರು ನಿಧನರಾದರು. ಸಿಯರ್ಸ್ ಟವರ್‌ನ ಬುಡದಲ್ಲಿರುವ ರಸ್ತೆಗೆ 1998ರಲ್ಲಿ ಷಿಕಾಗೋ ನಗರ ಅವರ ಹೆಸರಿಟ್ಟು ಗೌರವಿಸಿತು. ಕಟ್ಟಡದ ನೆತ್ತಿಯ ಮೇಲೆ ಬದಲಾದ ಹೆಸರಿಗಿಂತ ಅದರ ಬುಡದಲ್ಲಿರುವ ಈ ಹೆಸರು ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ನಟಾಲಿ ಡಿ ಬ್ಲಾ 2013ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಇತಿಹಾಸಕಾರರು ಅವರ ಪಾಲನ್ನು ಗುರುತಿಸತೊಡಗಿದ್ದರು. ಆದರೆ ಅವರು ರೂಪಿಸಿದ ಯೂನಿಯನ್ ಕಾರ್ಬೈಡ್ ಕಟ್ಟಡವನ್ನು 2019ರಿಂದ 2021ರವರೆಗೆ ಕಳಚಿ ಉರುಳಿಸಿದರು. ಆ ಸ್ಥಳದಲ್ಲಿ ಅದಕ್ಕಿಂತಲೂ ಎತ್ತರದ ಮತ್ತೊಂದು ಕಟ್ಟಡ ಎದ್ದಿದೆ. ಕಲ್ಲಿನಲ್ಲಿ ಕೆತ್ತಿದ ಚಾವಣನ ಹೆಸರು ಒಂಬತ್ತು ಶತಮಾನ ಬಾಳಿತು. ಉಕ್ಕು ಗಾಜುಗಳ ಈ ಕೃತಿ ಆರು ದಶಕವನ್ನಷ್ಟೇ ಕಂಡಿತು. ಕಟ್ಟಡವೇ ಉಳಿಯದಿದ್ದ ಮೇಲೆ, ಕಟ್ಟಿದವರನ್ನು ಉಳಿಸಬೇಕಾದ್ದು ಬರವಣಿಗೆ ಮತ್ತು ನೆನಪು ಮಾತ್ರ.

ಕೂಡಿ ದುಡಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಬುರ್ಜ್ ಖಲೀಫಾವನ್ನಾಗಲಿ ನಮ್ಮ ಬಿದಿರಿನ ಟರ್ಮಿನಲನ್ನಾಗಲಿ ಒಬ್ಬನೇ ಕಟ್ಟಲಾರ. ಕಂಬಿ ಕಟ್ಟಿ ಕಾಂಕ್ರೀಟು ಸುರಿದ ಕೈಗಳನ್ನಂತೂ ಎಣಿಸಿದವರೇ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ದೊಡ್ಡ ಕಚೇರಿಗಳಲ್ಲಿ ಹತ್ತಾರು ಮಂದಿಯ ಮೇಲಧಿಕಾರಿಗಳಾಗಿದ್ದೀರಿ. ನಿಮ್ಮ ಕೈಕೆಳಗಿನ ಹುಡುಗನೋ ಹುಡುಗಿಯೋ ರಾತ್ರಿ ಕುಳಿತು ಬರೆದ ನಕ್ಷೆ ನಾಳೆ ನಿಮ್ಮ ಹೆಸರಿನಲ್ಲಿ ಸಭೆಯ ಮುಂದೆ ಬರುತ್ತದೆ. ಅದರ ಒಂದು ಮೂಲೆಯಲ್ಲಿ ಅವರ ಹೆಸರನ್ನೂ ಬರೆಯಿರಿ. ಆತ್ಮಕಥೆ ಬರೆಯುವ ವಯಸ್ಸಿನವರೆಗೆ ಕಾಯಬೇಡಿ.