ಅಂಕಪಟ್ಟಿಯ ಬೆಲೆ

ಕರಾವಳಿಯಿಂದ ಗಲ್ಫಿಗೆ ದುಡಿಯಲು ಹೊರಟವರಿಗೆ ಮೂರು ಅಕ್ಷರಗಳ ಪರಿಚಯ ಚೆನ್ನಾಗಿಯೇ ಇದೆ: ಇಸಿಆರ್. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇದು ಅಚ್ಚಾಗಿರುತ್ತದೆ. ಸೌದಿ, ಕುವೈತ್, ಕತಾರ್‌ಗಳಲ್ಲಿ ಕೆಲಸಕ್ಕೆ ಸೇರಬೇಕಾದರೆ ಅವರು ಸರ್ಕಾರದಿಂದ ವಲಸೆ ಅನುಮತಿ ಪಡೆಯಬೇಕು. ಪಾಸಾದವರಿಗೆ ಆ ತಾಪತ್ರಯವಿಲ್ಲ. ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮಾಡುವ ವ್ಯತ್ಯಾಸ ಅದು. ಹಾಗಾದರೆ ಅನ್ನ ಕೊಡುವುದು ಕಲಿತ ವಿದ್ಯೆಯೋ, ಆ ಕಾಗದವೋ? ಶಿಕ್ಷಣದ ಅರ್ಥಶಾಸ್ತ್ರ ಅರ್ಧ ಶತಮಾನದಿಂದ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಓದಿಗೆ ಹಾಕಿದ ಹಣ ಖರ್ಚಲ್ಲ, ಬಂಡವಾಳ ಎಂದು 1960ರಲ್ಲಿ ಅಮೆರಿಕದ ಥಿಯೊಡರ್ ಷುಲ್ಟ್ಜ್ ವಾದಿಸಿದರು. 1964ರಲ್ಲಿ ಬಂದ ಗ್ಯಾರಿ ಬೆಕರ್ ಅವರ ಪುಸ್ತಕ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸಿತು: ಓದಿನ ವೆಚ್ಚ ಎಂದರೆ ಫೀಸು, ಪುಸ್ತಕ ಮಾತ್ರವಲ್ಲ, ಆ ವರ್ಷಗಳಲ್ಲಿ ಕೈತಪ್ಪುವ ದುಡಿಮೆಯೂ ಹೌದು. ಗಾರೆ ಕೆಲಸಕ್ಕೆ ಹೋದರೆ ಮಗ ಸಂಜೆಗೆ ಕೂಲಿ ತರುತ್ತಾನೆ ಎಂದು ಯೋಚಿಸುವ ನಮ್ಮೂರಿನ ಅಪ್ಪನ ಲೆಕ್ಕವೂ ಇದೇ. 1974ರಲ್ಲಿ ಜೇಕಬ್ ಮಿನ್ಸರ್ ಓದಿದ ವರ್ಷ, ಅನುಭವ, ಸಂಪಾದನೆ ಮೂರನ್ನೂ ಒಂದೇ ಸಮೀಕರಣಕ್ಕೆ ತಂದರು. ಅದನ್ನು ಹಿಡಿದು ಹತ್ತಾರು ದೇಶಗಳಲ್ಲಿ ಅಳೆದಾಗ, ಒಂದು ವರ್ಷದ ಹೆಚ್ಚಿನ ಓದಿಗೆ ಸರಾಸರಿ ಶೇ 9ರ ಆಸುಪಾಸು ಹೆಚ್ಚಿನ ಗಳಿಕೆ ಕಂಡಿತು.

ಅನುಮಾನವೂ ಬೇಗನೆ ಬಂತು. ಜಾಣರು ಹೇಗಿದ್ದರೂ ಹೆಚ್ಚು ಓದುತ್ತಾರೆ, ಹೆಚ್ಚು ಗಳಿಸುತ್ತಾರೆ. ಪ್ರಮಾಣಪತ್ರ ಅವರನ್ನು ಗುರುತಿಸುವ ಚೀಟಿ ಅಷ್ಟೇ ಆಗಿರಬಹುದು ಎಂಬ ತರ್ಕಕ್ಕೆ 1973ರಲ್ಲಿ ಮೈಕೆಲ್ ಸ್ಪೆನ್ಸ್ ರೂಪ ಕೊಟ್ಟರು. ಇದಕ್ಕೆ ಉತ್ತರ ಹುಡುಕಿದ ಬಗೆ ನನಗೆ ಇಂದಿಗೂ ಬೆರಗು. ಅಮೆರಿಕದಲ್ಲಿ ನಿಗದಿತ ವಯಸ್ಸು ತುಂಬಿದ ಮೇಲೆ ಶಾಲೆ ಬಿಡಬಹುದಿತ್ತು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ತರಗತಿಯಲ್ಲಿ ದೊಡ್ಡವರು. ಉಳಿದವರಿಗಿಂತ ಸ್ವಲ್ಪ ಕಡಿಮೆ ಓದಿಗೇ ಹೊರಬೀಳಲು ಅವರಿಗೆ ಅವಕಾಶವಿತ್ತು. ಹುಟ್ಟಿದ ತಿಂಗಳಿಗೂ ಜಾಣತನಕ್ಕೂ ಏನು ಸಂಬಂಧ? 1991ರಲ್ಲಿ ಜೋಶುವಾ ಆಂಗ್ರಿಸ್ಟ್ ಮತ್ತು ಅಲನ್ ಕ್ರೂಗರ್ ಈ ಸಣ್ಣ ಅಂತರವನ್ನೇ ಹಿಡಿದು ನೋಡಿದರು. ಹಾಗೆ ಬಲವಂತಕ್ಕೆ ಓದಿದ ಹೆಚ್ಚಿನ ಕಾಲವೂ ಸಂಬಳ ಏರಿಸಿತ್ತು.

ಕಾಗದದ ಕಡೆಯಿಂದಲೂ ಪರೀಕ್ಷೆ ನಡೆಯಿತು. ಅಮೆರಿಕದಲ್ಲೇ ಶಾಲೆ ಬಿಟ್ಟು, ಆಮೇಲೆ ಹೈಸ್ಕೂಲಿಗೆ ಸಮ ಎನ್ನುವ ಜಿಇಡಿ ಪರೀಕ್ಷೆ ಪಾಸಾದವರು ಕೂಲಿಯಲ್ಲಿ ಶಾಲೆ ಮುಗಿಸಿದವರಿಗೆ ಸಮನಾಗಲಿಲ್ಲ ಎಂದು 1993ರಲ್ಲಿ ಸ್ಟೀಫನ್ ಕ್ಯಾಮರೂನ್ ಮತ್ತು ಜೇಮ್ಸ್ ಹೆಕ್‌ಮನ್ ತೋರಿಸಿದರು. ತರಗತಿಯಲ್ಲಿ ಕೂತು ಕಳೆದ ದಿನಗಳಿಗೆ ಅವುಗಳದೇ ಬೆಲೆ ಇದೆ ಎಂಬುದು ನನ್ನ ತೀರ್ಮಾನ. ಆದರೂ ನಮ್ಮಲ್ಲಿ ಕಾಗದವನ್ನು ಹಗುರಾಗಿ ಕಾಣುವಂತಿಲ್ಲ. ಐಟಿಐನ ಬಹುತೇಕ ಟ್ರೇಡ್‌ಗಳಿಗೆ ಸೇರಲು, ಪಿಯುಸಿ ಮೆಟ್ಟಿಲು ಹತ್ತಲು ಅದೇ ಬೇಕು.

ಹೀಗಿದ್ದೂ ಮಕ್ಕಳು ಯಾಕೆ ಬಿಡುತ್ತಾರೆ? ಈಚಿನ ಅಧ್ಯಯನಗಳು ಹೊರಳಿದ್ದು ಇತ್ತ. ಡೊಮಿನಿಕನ್ ಗಣರಾಜ್ಯದ ಎಂಟನೇ ತರಗತಿಯ ಹುಡುಗರು ಹೈಸ್ಕೂಲಿನ ಲಾಭವನ್ನು ತೀರಾ ಕಡಿಮೆ ಅಂದಾಜಿಸಿದ್ದರು. ರಾಬರ್ಟ್ ಜೆನ್ಸನ್ ನಿಜವಾದ ಅಂಕಿ ತಿಳಿಸಿದಾಗ ಅವರು ಇನ್ನಷ್ಟು ಕಾಲ ಶಾಲೆಯಲ್ಲಿ ಉಳಿದರು. ತೀರಾ ಬಡವರ ಮನೆಯ ಹುಡುಗರು ಮಾತ್ರ ಉಳಿಯಲಿಲ್ಲ. ತಿಳಿವಳಿಕೆ ಇದ್ದರೂ ಕೈಯಲ್ಲಿ ಕಾಸಿರಲಿಲ್ಲ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಆ ವಯಸ್ಸಿನ ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತು. ಶಾಲೆ ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಹಳ್ಳಿಗಳಲ್ಲೇ ಇದರ ಫಲ ಎದ್ದು ಕಂಡಿತು. ನಮ್ಮಲ್ಲೂ ಎಂಟನೇ ತರಗತಿಗೆ ಸೈಕಲ್ ಬಂದದ್ದು ಅದೇ ಕಾಲದಲ್ಲಿ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಹದಿನಾಲ್ಕು ವರ್ಷಕ್ಕೆ, ಅಂದರೆ ಎಂಟನೇ ತರಗತಿಗೆ ನಿಲ್ಲುತ್ತದೆ. ಮುಂದಿನ ಎರಡು ವರ್ಷ ಮನೆಯವರ, ಊರಿನವರ ಹೊಣೆ. ನಿಮ್ಮ ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ ಕುಳಿತ ಹುಡುಗಿಯಿದ್ದರೆ ಅವಳ ಅಪ್ಪ ಅಮ್ಮನ ಜೊತೆ ಮಾತಾಡಿ, ಎರಡನೇ ಪರೀಕ್ಷೆಗೆ ಹೆಸರು ಕೊಡಿಸಿ.